ಬಿಟ್ಟುಹೋದ ಸರ್ವೆ ನಂಬರು

2023ರ ಬರಗಾಲದ ಪರಿಹಾರ ಕೆಲವರಿಗೆ ಏಕೆ ಕಡಿಮೆ ಬಂತು, ಬಲ್ಲಿರಾ? ನಿಮ್ಮ ಪಹಣಿ ಕಂದಾಯ ಇಲಾಖೆಯ ‘ಭೂಮಿ’ ಗಣಕದಲ್ಲಿ 2000ನೇ ಇಸವಿಯ ಸುಮಾರಿನಿಂದಲೇ ಇದೆ. ಆದರೆ ಪರಿಹಾರದ ಲೆಕ್ಕಕ್ಕೆ ಹಿಡಿದದ್ದು ‘ಫ್ರೂಟ್ಸ್’ ದಾಖಲೆಯನ್ನು. ಎಕರೆಯಂತೆ ಮೂರು ಸರ್ವೆ ನಂಬರಿದ್ದು, ಅಲ್ಲಿ ಒಂದನ್ನೇ ಸೇರಿಸಿದ್ದರೆ ಉಳಿದೆರಡು ಎಕರೆ ಲೆಕ್ಕಕ್ಕೇ ಬಾರದು. ಎರಡೂ ಸರಕಾರದ್ದೇ ಕಡತ, ತಾವೇ ಹೊಂದಿಸಿಕೊಳ್ಳಬೇಕಿತ್ತು. ಆ ಓಡಾಟ ರೈತನ ತಲೆಗೆ ಬಿದ್ದದ್ದು ಸರಿಯಲ್ಲ, ಇಲಾಖೆಯವನಾಗಿಯೇ ಹೇಳುತ್ತೇನೆ.

ತೀರಿಕೊಂಡ ತಂದೆಯ ಹೆಸರಿನಲ್ಲೇ ಪಹಣಿ ಇದ್ದರೆ ತೊಡಕು ಹೆಚ್ಚು. ಮೊದಲು ಪೌತಿ ಖಾತೆ ಮಾಡಿಸಿ. ಬಳಿಕ ಎಲ್ಲ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದೊಡನೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ನಿಮ್ಮ ಎಫ್‌ಐಡಿಯಲ್ಲಿ ಯಾವ ಯಾವ ನಂಬರಿದೆ ಎಂದು ಓದಿಸಿ ಕೇಳಿ.