ಕೋಟೆಯ ಮಣ್ಣಿನಿಂದ ಬೆಳಗಿದ ಓಣಿ

ಐನಾಪುರ, ಚಿಂಚೋಳಿಗಳ ಕಡೆಯಿಂದ ಬೀದರಿಗೆ ಬರುವ ಸಂಸಾರವಂದಿಗರು ಕೋಟೆಯನ್ನು ಸುತ್ತಿ, 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾವನ್ನು ಕಂಡು, ಸಂಜೆಯ ಬಸ್ಸಿಗೆ ಹಿಂದಿರುಗುವುದೇ ವಾಡಿಕೆ. ಮದರಸಾವನ್ನು ದಾಟಿ ಚೌಬಾರದ ಸುತ್ತಲಿನ ಓಣಿಗಳಿಗೆ ಕಾಲಿಡುವವರು ವಿರಳ. ಬಿದರಿ ಕಲೆಯ ತವರು ಇರುವುದಾದರೋ ಅಲ್ಲಿಯೇ!

ಚೌಬಾರವೆಂದರೆ ಹಳೆಯ ಊರಿನ ನಡುವೆ, ಬೀದಿಗಳು ಕೂಡುವೆಡೆಯಲ್ಲಿ ನಿಂತಿರುವ ದುಂಡನೆಯ ಕಾವಲುಗೋಪುರ. ಎತ್ತರ ಸುಮಾರು 71 ಅಡಿ. ಅದರ ಆಸುಪಾಸಿನ ಕಿರಿದಾದ ಅಂಗಡಿಗಳಲ್ಲಿ ಕಸಬುದಾರರು ನೆಲದ ಮೇಲೆ ಕುಳಿತು, ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ತಟ್ಟೆ, ಡಬ್ಬಿಗಳನ್ನು ಅರದಿಂದ ನಯಗೊಳಿಸುತ್ತಾರೆ. ಮೈಲುತುತ್ತದ ನೀರು ಸವರಿ, ಕಪ್ಪಾದ ಮೈಮೇಲೆ ಬಳ್ಳಿ ಹೂಗಳನ್ನು ಚಾಣದಿಂದ ಕೊರೆದು, ಆ ಗೀರುಗಳೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ.

ಉಜ್ಜಿದ ಮೇಲೆ ಲೋಹವೂ ಬೆಳ್ಳಿಯೂ ಬಹುಮಟ್ಟಿಗೆ ಒಂದೇ ಬಣ್ಣ. ಚಿತ್ತಾರ ಕಣ್ಣಿಗೆ ಕಾಣಿಸುವುದು ಕೊನೆಯ ಹಂತದಲ್ಲಿ. ಬಿಸಿಲು ಮಳೆ ಸೋಕದ ಕೋಟೆಯೊಳಗಿನ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದೊಡನೆ ಲೋಹ ಕಾಡಿಗೆಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ತಕ್ಕ ಮಣ್ಣನ್ನು ನಾಲಗೆಗೆ ಸೋಕಿಸಿ, ರುಚಿಯಿಂದಲೇ ಗುರುತಿಸುವ ಕಸಬುದಾರರುಂಟು.

ಇದನ್ನು ಕಂಡ ಬಳಿಕ ಮತ್ತೆ ಕೋಟೆಗೆ ಹೋಗಬೇಕು. ಅನುಮತಿ ದೊರೆತರೆ ರಂಗೀನ್ ಮಹಲಿನೊಳಗೆ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಚಿತ್ತಾರವನ್ನು ನೋಡಬಹುದು. ಕರಿಯ ಹಿನ್ನೆಲೆ, ಬಿಳಿಯ ಬಳ್ಳಿ! ಓಣಿಯ ಕೆಲಸಕ್ಕೂ ಅರಮನೆಯ ಗೋಡೆಗೂ ಇರುವ ನಂಟು ಆಗ ತಾನಾಗಿ ಹೊಳೆಯುತ್ತದೆ.

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಂದಿತು. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಆದರೆ ಮನ್ನಣೆಯೊಂದರಿಂದಲೇ ಒಲೆ ಉರಿಯದು. ಬೆಳ್ಳಿಯ ಬೆಲೆ ಏರಿದಂತೆಲ್ಲ ಪಾತ್ರೆಯ ಬೆಲೆಯೂ ಏರುತ್ತದೆ, ಕೊಳ್ಳುವವರು ಹಿಂಜರಿಯುತ್ತಾರೆ. ಕೈ ಪಳಗಲು ವರ್ಷಗಳೇ ಬೇಕಾದ ಈ ಕಸಬನ್ನು ಮಕ್ಕಳು ಏಕೆ ಕಲಿತಾರು?

ಕೋಟೆಯ ಕಲ್ಲುಗಳನ್ನು ಕಾಯಲು ಸರ್ಕಾರವಿದೆ. ಓಣಿಯ ಸುತ್ತಿಗೆಯ ಸದ್ದನ್ನು ಕಾಯಬೇಕಾದವರು ನೋಡುವವರು, ಕೊಳ್ಳುವವರು. ಬೀದರಿಗೆ ಹೋದವರು ಸಂಜೆಯ ಬಸ್ಸಿಗೆ ಮುನ್ನ ಒಂದು ಗಂಟೆಯನ್ನು ಆ ಓಣಿಗೆ ಮೀಸಲಿಡಲಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ.