ಅಡಿಗೆಯ ಮನೆ: ಡೋನಟ್ಟಿನ ಹಬ್ಬ

ತಿಂಡಿಯೊಂದರ ಹೆಸರಿನಲ್ಲಿ ಹಬ್ಬವೆಂದರೆ ನಗು ಬರುವುದು ಸಹಜ. ಅಮೆರಿಕಾ ದೇಶದಲ್ಲಿ ಜೂನ್ ತಿಂಗಳ ಮೊದಲನೆಯ ಶುಕ್ರವಾರವು ಡೋನಟ್ ದಿನವೆನಿಸಿದೆ. ಡೋನಟ್ ಎಂಬುದು ನಮ್ಮ ಉದ್ದಿನ ವಡೆಯಂತೆ ನಡುವೆ ತೂತುಳ್ಳ, ಗೋಧಿಹಿಟ್ಟಿನ ಸಿಹಿ ತಿಂಡಿ. ಆದರೆ ಈ ವಿನೋದದ ಹಿಂದಿರುವ ಕಥೆಯು ಹಗುರವಾದುದಲ್ಲ.

ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಸಾಲ್ವೇಶನ್ ಆರ್ಮಿಯ ಹೆಲೆನ್ ಪರ್ವಿಯನ್ಸ್ ಮತ್ತು ಮಾರ್ಗರೆಟ್ ಶೆಲ್ಡನ್ ಎಂಬ ಮಹಿಳೆಯರು ಫ್ರಾನ್ಸಿನಲ್ಲಿ ಅಮೆರಿಕಾದ ಸೈನಿಕರ ಸೇವೆಗೆ ನಿಂತಿದ್ದರು. ಮಳೆ, ಕೆಸರು, ಮನೆಯ ಹಂಬಲ, ಇವುಗಳಿಂದ ಸೈನಿಕರು ಕುಗ್ಗಿದ್ದರು. ಲಟ್ಟಣಿಗೆಯಿಲ್ಲದೆ ದ್ರಾಕ್ಷಾರಸದ ಬರಿಯ ಸೀಸೆಯಿಂದಲೇ ಹಿಟ್ಟನ್ನು ಲಟ್ಟಿಸಿ, ಪುಟ್ಟ ಬಾಣಲೆಯಲ್ಲಿ ಅವರು ಮೊದಲ ದಿನ ಕರಿದುದು ಕೇವಲ 150. ಅದರ ಪರಿಮಳಕ್ಕೆ ಸೈನಿಕರು ಮಳೆಯಲ್ಲಿಯೇ ಸಾಲುಗಟ್ಟಿ ನಿಂತರು. ಇಂತಹ ಮಹಿಳೆಯರ ಸ್ಮರಣೆಗೆಂದು 1938ರಲ್ಲಿ ಶಿಕಾಗೊ ನಗರದಲ್ಲಿ ಅದೇ ಸಂಸ್ಥೆಯು ಈ ದಿನವನ್ನು ಆರಂಭಿಸಿ, ಬಡವರಿಗಾಗಿ ಹಣವನ್ನು ಕೂಡಿಸಿತು.

ನಡುವಣ ತೂತು ಕೇವಲ ಅಲಂಕಾರವಲ್ಲ; ಒಳಗು ಹಸಿಯಾಗಿ ಉಳಿಯದೆ ಸಮನಾಗಿ ಬೇಯಲು ಅದು ನೆರವಾಗುತ್ತದೆ. ನಮ್ಮ ವಡೆಯ ಗುಟ್ಟೂ ಅದೇ ಅಲ್ಲವೇ? ಮನೆಯಲ್ಲಿ ಯಾರ ಮುಖವಾದರೂ ಬಾಡಿದ್ದರೆ, ಪಂಚಾಂಗವನ್ನು ನೋಡದೆ ಬಾಣಲೆಯನ್ನು ಒಲೆಗೇರಿಸಿರಿ. ಅಂದೇ ಹಬ್ಬ.