ಫ್ಲಾಪಿ ಇಲ್ಲ ಅಂತ ಫಾರ್ಮ್ಯಾಟ್ ಹೊಡೀಬೇಡಿ ಸ್ವಾಮಿ!

"ಇದ್ರಲ್ಲಿ ಫ್ಲಾಪಿ ಡ್ರೈವೇ ಇಲ್ವಲ್ಲ ಸಾರ್, ಬ್ಯಾಕಪ್ ತೆಗ್ಯಕ್ಕಾಗಲ್ಲ. ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ಬಿಡ್ತೀನಿ."

2007ರಲ್ಲಿ ತರೀಕೆರೆಯ ಒಂದು ಅಂಗಡಿಯಲ್ಲಿ ಕೇಳಿದ ಮಾತಿದು. ಲ್ಯಾಪ್‌ಟಾಪ್ ಅಜ್ಜಂಪುರದ ನಮ್ಮ ದೊಡ್ಡಪ್ಪನದು. ವಿಂಡೋಸ್ ಎಕ್ಸ್‌ಪಿ ಅರ್ಧಕ್ಕೇ ನಿಂತು ನೀಲಿ ಪರದೆ ತೋರಿಸುತ್ತಿತ್ತು. ಅದರೊಳಗೆ ತೋಟದ ಲೆಕ್ಕದ ಜೊತೆಗೆ, ನಮ್ಮಜ್ಜಿಯ ಬಾಯಿಂದ ಕೇಳಿ ದೊಡ್ಡಪ್ಪ 'ನುಡಿ'ಯಲ್ಲಿ ಟೈಪ್ ಮಾಡಿಟ್ಟಿದ್ದ ಸೋಬಾನೆ ಪದಗಳಿದ್ದವು. ಅಷ್ಟು ಹೊತ್ತಿಗೆ ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ನನಗೂ ಆಗ ಏನೂ ಗೊತ್ತಿರಲಿಲ್ಲ, ಹೂಂ ಅಂದುಬಿಟ್ಟೆ. ಸಂಜೆ ಲ್ಯಾಪ್‌ಟಾಪ್ ಚೆನ್ನಾಗಿಯೇ ಆನ್ ಆಯ್ತು. ಪದಗಳು ಮಾತ್ರ ಇರಲಿಲ್ಲ...

ಆಮೇಲೆ ಕಲಿತ ಮೇಲೆ ಗೊತ್ತಾಯ್ತು, ಆ ಮಾತಲ್ಲಿ ಅರ್ಧ ಮಾತ್ರ ನಿಜ ಅಂತ. ಇಡೀ ಡಿಸ್ಕನ್ನು ಇದ್ದ ಹಾಗೇ ಅಚ್ಚು ತೆಗೆದು ಫೈಲಾಗಿ ಇಟ್ಟುಕೊಳ್ಳೋದಕ್ಕೆ ಇಮೇಜ್ ಅಂತಾರೆ. ಆಗ ಎಲ್ಲರೂ ಬಳಸುತ್ತಿದ್ದ ನಾರ್ಟನ್ ಘೋಸ್ಟನ್ನು ಡಾಸ್ ಫ್ಲಾಪಿಯಿಂದ ಬೂಟ್ ಮಾಡಿ ಓಡಿಸೋದು ರೂಢಿ. ಇನ್ನು ಎಕ್ಸ್‌ಪಿ ಹಾಕುವಾಗ ಸಾಟಾ ಡಿಸ್ಕ್ ಕಾಣದಿದ್ದರೆ ಎಫ್6 ಒತ್ತಬೇಕು, ಡ್ರೈವರನ್ನು ಫ್ಲಾಪಿಯಿಂದಲೇ ಕೊಡಬೇಕು. ಲ್ಯಾಪ್‌ಟಾಪಲ್ಲಿ ಫ್ಲಾಪಿ ಎಲ್ಲಿಂದ ತರೋದು? ಕಷ್ಟ ಇತ್ತು, ಒಪ್ಪೋಣ.

ಆದರೆ ವಿಂಡೋಸ್ ಹಾಕೋದು ಬೇರೆ, ಒಳಗಿರೋದನ್ನು ಉಳಿಸೋದು ಬೇರೆ! ಸಿಡಿಯೊಳಗೇ 1.44 ಎಂಬಿಯ ಫ್ಲಾಪಿ ಇಮೇಜ್ ಇಟ್ಟು, ಅದೇ 'ಎ' ಡ್ರೈವ್ ಅಂತ ಬಯಾಸನ್ನು ನಂಬಿಸುವ 'ಎಲ್ ಟೊರಿಟೊ' ವಿಧಾನ 1995ರಲ್ಲೇ ಬಂದಿತ್ತು. ಘೋಸ್ಟನ್ನೂ ಹಾಗೆ ಸಿಡಿಯಿಂದಲೇ ಓಡಿಸಬಹುದಿತ್ತು. ಅದೂ ಬೇಡ, ಕ್ನಾಪಿಕ್ಸ್ ಎಂಬ ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿ, ಯುಎಸ್‌ಬಿ ಡಿಸ್ಕ್ ಚುಚ್ಚಿ, ಫೈಲುಗಳನ್ನು ಎಳೆದುಕೊಳ್ಳಬಹುದಿತ್ತು. ಸಿಡಿ ಡ್ರೈವೂ ಕೆಟ್ಟಿದ್ದರೆ ನೆಟ್‌ವರ್ಕ್ ಕೇಬಲ್ಲಿನಿಂದ ಬೂಟ್ ಮಾಡುವ ದಾರಿ ಇತ್ತು. ಇಲ್ಲದಿದ್ದದ್ದು ಫ್ಲಾಪಿ ಅಲ್ಲ, ಅರ್ಧ ಗಂಟೆ ತಾಳ್ಮೆ.

ಹಳೇ ಕಥೆ ಈಗ್ಯಾಕೆ ಅಂತೀರಾ? ಹೋದ ವರ್ಷ ಕಡೂರಿನಲ್ಲಿ ಪಕ್ಕದ ಮನೆ ಹುಡುಗಿಯ ಲ್ಯಾಪ್‌ಟಾಪಿಗೂ ಇದೇ ಗತಿ ಆಗುವುದರಲ್ಲಿತ್ತು. ವಿಂಡೋಸ್ ಇನ್‌ಸ್ಟಾಲರಿನಲ್ಲಿ ಡಿಸ್ಕೇ ಕಾಣುತ್ತಿಲ್ಲ, "ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕ್ಸಿ" ಅಂದರಂತೆ. ಡಿಸ್ಕ್ ಏನೂ ಹೋಗಿರಲಿಲ್ಲ! ಇಂಟೆಲ್ 11ನೇ ತಲೆಮಾರಿನಿಂದೀಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಅನ್ನೋ ವ್ಯವಸ್ಥೆ ಇರುತ್ತೆ. ಅದರ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಕೊಡದಿದ್ದರೆ ಇನ್‌ಸ್ಟಾಲರಿಗೆ ಡಿಸ್ಕ್ ಕಾಣಲ್ಲ. ತಮಾಷೆ ನೋಡಿ, ಇಂಟೆಲ್‌ನ ಆ ಡ್ರೈವರ್ ಫೋಲ್ಡರಿನ ಹೆಸರಿನಲ್ಲಿ ಈಗಲೂ 'ಎಫ್6', 'ಫ್ಲಾಪಿ' ಅನ್ನೋ ಗುರುತು ಇದೆ. ಫ್ಲಾಪಿ ಸತ್ತು ಎಷ್ಟೋ ವರ್ಷವಾಯ್ತು, ನೆಪ ಮಾತ್ರ ಬದುಕಿದೆ.

ಅಂಗಡಿಯವರನ್ನಷ್ಟೇ ಬೈದರೆ ತಪ್ಪಾಗುತ್ತೆ. "ಸಂಜೆಯೊಳಗೆ ಕೊಡಿ, ಇನ್ನೂರು ಕಮ್ಮಿ ಮಾಡ್ಕೊಳ್ಳಿ" ಅಂತ ಚೌಕಾಸಿ ಮಾಡೋರು ನಾವೇ. ಇಮೇಜ್ ತೆಗೆಯೋಕೆ ಎರಡು ತಾಸು ಬೇಕು, ಆ ಹೊತ್ತಿಗೆ ದುಡ್ಡು ಕೊಡೋಕೆ ನಮಗೆ ಮನಸ್ಸಿಲ್ಲ. ಆದರೂ ಕೇಳದೆ ಅಳಿಸೋ ಹಕ್ಕು ಅವರಿಗೆ ಬರೋದಿಲ್ಲ. ಗಡಿಯಾರ ರಿಪೇರಿಗೆ ಕೊಟ್ಟರೆ ಮುಳ್ಳು ಕಿತ್ತು ಬಿಸಾಕ್ತಾರಾ?

ಹಾಗಾಗಿ ಲ್ಯಾಪ್‌ಟಾಪ್ ಕೊಡುವಾಗಲೇ ಹೇಳಿ: "ಮೊದಲು ಇಮೇಜ್, ಆಮೇಲೆ ಫಾರ್ಮ್ಯಾಟ್." ಕ್ಲೋನ್‌ಜಿಲ್ಲಾ ಪುಕ್ಕಟೆ ಸಿಗುತ್ತೆ, ಪೆನ್‌ಡ್ರೈವಿನಿಂದ ಬೂಟ್ ಆಗುತ್ತೆ, ಇಮೇಜನ್ನು ಹೊರಗಿನ ಡಿಸ್ಕಿಗೆ ಹಾಕುತ್ತೆ. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡೇ ಬಯಾಸ್ ಮುಟ್ಟಿ. ಡಿಸ್ಕ್ ಕಟಕಟ ಸದ್ದು ಮಾಡ್ತಿದ್ದರೆ ಪದೇ ಪದೇ ಆನ್ ಮಾಡಬೇಡಿ, ಗೊತ್ತಿರೋರ ಕೈಗೆ ಕೊಡಿ.

ದೊಡ್ಡಪ್ಪ ಆಮೇಲೆ ನೆನಪಿದ್ದಷ್ಟು ಪದ ಮತ್ತೆ ಬರೆಯಲು ಕೂತರು. ನಾಲ್ಕಕ್ಕೇ ನಿಂತಿತು. ಉಳಿದದ್ದನ್ನು ಕೇಳೋಣ ಅಂದರೆ ಅಜ್ಜಿ ಎಲ್ಲಿದ್ದಾರೆ?

ನಿಮ್ಮೂರಿನ ಅಂಗಡಿಯಲ್ಲಿ ಹೇಗೆ? ಕೇಳಿ ಫಾರ್ಮ್ಯಾಟ್ ಮಾಡ್ತಾರಾ, ಮಾಡಿ ಹೇಳ್ತಾರಾ?